ಬಿಚ್ಚದ ಕಟ್ಟು

ಆ ಹೆಂಗಸಿಗೆ ಕಿಟಕಿಯ ಗುಟ್ಟು ಹೇಗೆ ತಿಳಿಯಿತು?

ಸಮುದ್ರದ ಗಾಳಿಗೆ ಮೇಜಿನ ಕಾಗದಗಳು ಹಾರತೊಡಗಿದ್ದವು. ಅಧಿಕಾರಿ ಅನೆಸ್ತಿಸ್ ಗೊಣಗಿಕೊಂಡು ಏಳುವುದರೊಳಗೆ, ಆಗಷ್ಟೇ ಒಳಬಂದ ಅವಳು ಮುಂದಾದಳು. ಕಿಟಕಿಯನ್ನು ತುಸು ಮೇಲಕ್ಕೆತ್ತಿ, ಮಂಡಿಯಿಂದ ಒತ್ತಿ, ಚಿಲಕವನ್ನು ಎಡಕ್ಕೆ ತಿರುಗಿಸಿದಳು. ಕೆಟ್ಟು ಎಷ್ಟೋ ವರ್ಷವಾದ ಆ ಚಿಲಕ ಕಚೇರಿಯವರ ಕೈಗಲ್ಲದೆ ಬೇರೆ ಕೈಗೆ ಬಗ್ಗಿದ್ದಿಲ್ಲ. ಆಮೇಲೆ ಅವಳು ಎದುರಿನ ಎರಡು ಕುರ್ಚಿಗಳಲ್ಲಿ ಕಾಲು ಅಲ್ಲಾಡುವುದನ್ನು ಬಿಟ್ಟು ಇನ್ನೊಂದರಲ್ಲಿ ಕೂತಳು.

ಒಳಗಿನವರು ಯಾರೋ ಇವಳಿಗೆ ಎಲ್ಲ ಹೇಳಿಕೊಟ್ಟಿದ್ದಾರೆ ಎಂದುಕೊಂಡ ಅನೆಸ್ತಿಸ್. ಸುಳ್ಳು ದಾಖಲೆ ಮಾಡಿಕೊಡುವ ದಲ್ಲಾಳಿಗಳ ಕೈವಾಡ. ಗ್ರೀಸಿನ ಆ ಬಂದರೂರಿನ ವಿದೇಶೀಯರ ಕಚೇರಿಯಲ್ಲಿ ಖೋಟಾ ಕಾಗದವನ್ನು ಮೂಸಿಯೇ ಹಿಡಿಯುವವನೆಂದು ಅವನಿಗೆ ಹೆಸರಿತ್ತು. ಆ ಹೆಸರನ್ನು ಹಬ್ಬಿಸಿದವನೂ ಅವನೇ.

"ಹೆಸರು?"

"ಎತೇರಿ, ಸಾರ್. ಜಾರ್ಜಿಯಾದವಳು."

ಅವಳು ತನ್ನ ನೀಲಿ ಚೀಟಿಯನ್ನು ಮೇಜಿನ ಮೇಲಿಟ್ಟಳು. ಮೇಲೆ ಫೋಟೋ, ಅದರ ಮೇಲೆ ಮುದ್ರೆ. ಐದು ವರ್ಷ ಇಲ್ಲಿದ್ದವರಿಗೆ ಸಿಗುವ ಕಾಯಂ ವಾಸದ ಕಾರ್ಡು ಕೈಗೆ ಬರುವವರೆಗೆ ಆ ಚೀಟಿ ಇದ್ದರೆ ಕೆಲಸ; ಇಲ್ಲದಿದ್ದರೆ ಊರಿನ ದಾರಿ.

"ಐದು ವರ್ಷ ಇಲ್ಲೇ ಇದ್ದೆ ಅನ್ನೋದಕ್ಕೆ ಪುರಾವೆ ಎಲ್ಲಮ್ಮಾ? ಸಂಬಳದ ಚೀಟಿ?"

"ಗುತ್ತಿಗೆದಾರ ಕೊಡಲ್ಲ ಸಾರ್."

"ಮನೆ ಕರಾರು?"

"ಒಬ್ಬ ಅಜ್ಜಿ ಜೊತೆ ಇದ್ದೀನಿ. ಬಾಯಿಮಾತಿನ ಕರಾರು."

"ಭೇಷ್! ಬಾಯಿಮಾತಿಗೆ ಮುದ್ರೆ ಎಲ್ಲಿ ಒತ್ತಲಿ, ನಾಲಿಗೆ ಮೇಲಾ?"

ಬಾಗಿಲಲ್ಲಿ ಸಾಲು ನಿಂತವರು ನಕ್ಕರು. ಅವರ ಸರದಿ ಇನ್ನೂ ಬರಬೇಕಿತ್ತು.

ಎತೇರಿ ಚೀಲದಿಂದ ದಪ್ಪನೆಯ ಕಾಗದದ ಕಟ್ಟೊಂದನ್ನು ತೆಗೆದಳು. ದಾರದಿಂದ ಬಿಗಿದಿತ್ತು. ನೆಲ ಒರೆಸುವ ಔಷಧಿಯ ವಾಸನೆ. ಮೇಲಿನ ಹಾಳೆಯ ಬೆನ್ನಿನ ಮೇಲೆ ಕಾಫಿ ಲೋಟದ ದುಂಡು ಕಲೆ.

"ಸರ್ಕಾರಿ ಮುದ್ರೆ ಇದೆ ಸಾರ್. ಬಿಚ್ಚಿ ನೋಡಿ."

"ಏನಿದು, ಕಸದ ಬುಟ್ಟಿಯಿಂದ ಹೆಕ್ಕಿದ್ದಾ?"

"ಹೌದು ಸಾರ್."

"ಕೇಳಿದ್ರೇನ್ರಪ್ಪಾ? ತಾನೇ ಒಪ್ಕೊಂಡ್ಳು!"

"ಸಾರ್, ನಾನು ಈ ಕಚೇರೀಲೇ..."

"ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡು. ಐದು ವರ್ಷ ಈ ಊರಲ್ಲಿ ಇದ್ದಿದ್ರೆ ನಾನು ಒಂದು ದಿನವಾದ್ರೂ ನಿನ್ನ ನೋಡಬೇಕಿತ್ತಲ್ವಾ?"

"ನೋಡಬೇಕಿತ್ತು ಸಾರ್."

ಅವಳ ಕಣ್ಣು ಗೋಡೆಯ ಮೇಲಿನ ದೇವಮಾತೆಯ ಪಟದತ್ತ ಹೋಯಿತು. ಹಿಂದೆ ಸಮುದ್ರದಾಚೆಯ ಸ್ಮಿರ್ನಾ ಪಟ್ಟಣ ಹೊತ್ತಿ ಉರಿದಾಗ ಅನೆಸ್ತಿಸ್‌ನ ಅಜ್ಜಿ ಶಾಲಿನಲ್ಲಿ ಮುಚ್ಚಿಕೊಂಡು ದೋಣಿ ಹತ್ತಿಸಿ ತಂದ ಪಟ ಅದು. ಈ ದಡದಲ್ಲಿ ಯಾರೂ ನಿರಾಶ್ರಿತಳಾದ ಆಕೆಯ ಬಳಿ ಪುರಾವೆ ಕೇಳಿರಲಿಲ್ಲ. ತಾಯಿ ತೀರಿಕೊಂಡ ನಲವತ್ತನೆಯ ದಿನ ಅನೆಸ್ತಿಸ್ ಅದನ್ನು ಇಲ್ಲಿಗೆ ತಂದು, ಮುಂದೆ ಗಾಜಿನ ದೀಪ ತೂಗುಹಾಕಿ, ಎಣ್ಣೆ ಹೊಯ್ದು ಹಚ್ಚಿದ್ದ. ಆಮೇಲೆ ಮರೆತ. ದೀಪ ಆರಲಿಲ್ಲ. ಬೆಳಿಗ್ಗೆ ಬಂದಾಗಲೆಲ್ಲ ಎಣ್ಣೆ ಕಂಠಮಟ್ಟ ಇರುತ್ತಿತ್ತು. ಮೊದಲು ಅವನಿಗೆ ಹೆದರಿಕೆಯಾಯಿತು, ಆಮೇಲೆ ಹೆಮ್ಮೆ. ನ್ಯಾಯವಾಗಿ ಕೆಲಸ ಮಾಡುವವನ ದೀಪಕ್ಕೆ ದೇವಮಾತೆಯೇ ಎಣ್ಣೆ ಎರೆಯುತ್ತಾಳೆಂದು ಪಾದ್ರಿಗೂ ಹೇಳಿದ್ದ, ಸಾಲಿನಲ್ಲಿ ನಿಂತವರಿಗೂ ಹೇಳುತ್ತಿದ್ದ.

"ಐದು ವರ್ಷ ಆಯ್ತಲ್ಲ ಸಾರ್, ಈ ದೀಪಕ್ಕೆ," ಎಂದು ಎತೇರಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಅದನ್ನೂ ಹೇಳಿಕೊಟ್ಟಿದ್ದಾರೆ ನೋಡಿ! ನನ್ನ ತಾಯಿಯ ದೀಪವನ್ನೂ ಬಿಡಲಿಲ್ಲ ಈ ದಲ್ಲಾಳಿಗಳು."

ಅವನು ನೀಲಿ ಚೀಟಿಗೆ ಎರಡು ತೂತು ಹೊಡೆದ. ಮೂವತ್ತು ದಿನದೊಳಗೆ ದೇಶ ಬಿಡತಕ್ಕದ್ದೆಂದು ಬರೆದ. ಕಟ್ಟಿನ ದಾರ ಬಿಚ್ಚದೆಯೇ ಅದರ ಮೇಲೆ ಕೆಂಪು ಶಾಯಿಯಲ್ಲಿ 'ಖೋಟಾ' ಎಂದು ಗೀಚಿ, ಪೊಲೀಸರಿಗೆ ಕಳಿಸಲೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ.

ಎತೇರಿ ತೂತುಬಿದ್ದ ಚೀಟಿಯನ್ನು ಮಡಿಸಿಕೊಂಡಳು. "ದೇವಮಾತೆ ನಿಮ್ಮನ್ನ ಕಾಯಲಿ ಸಾರ್." ಹೊಸ್ತಿಲ ಬಳಿ ಎದ್ದುನಿಂತ ನೆಲಹಾಸಿನ ಕಲ್ಲನ್ನು, ಕೆಳಗೆ ನೋಡದೆಯೇ, ದಾಟಿ ಹೋದಳು. ಕಾಫಿಗೆಂದು ಹೊರಟ ಅನೆಸ್ತಿಸ್ ಎಂದಿನಂತೆ ಅದನ್ನೇ ಎಡವಿದ.

ಮರುದಿನ ಕಸದ ಬುಟ್ಟಿ ತುಂಬಿ ಚೆಲ್ಲಿತ್ತು. ಅವನು ತಿಂದ ಎಳ್ಳಿನ ಬ್ರೆಡ್ಡಿನ ಕಾಳು ಮೇಜಿನ ಕೆಳಗೆ ಹಾಗೇ ಬಿದ್ದಿತ್ತು. ಮೂರನೆಯ ಬೆಳಿಗ್ಗೆ ದೀಪ ಆರಿತ್ತು.

ಬತ್ತಿ ಕರಕಾಗಿತ್ತು. ಗಾಜಿನ ತಳದಲ್ಲಿ ಒಂದು ಹನಿಯೂ ಇರಲಿಲ್ಲ. ಅನೆಸ್ತಿಸ್‌ನ ಕೈ ತಾನಾಗಿ ಶಿಲುಬೆಯ ಗುರುತು ಮಾಡಿತು. ಅಷ್ಟರಲ್ಲಿ ಒಂದು ವಾರದ ರಜೆ ಮುಗಿಸಿದ ಪಕ್ಕದ ಮೇಜಿನ ಫೋತಿನಿ ಒಳಗೆ ಬಂದಳು.

"ಫೋತಿನಿ, ದೇವಮಾತೆ ನನ್ನ ಮೇಲೆ ಮುನಿಸಿಕೊಂಡಿದ್ದಾಳೆ!"

"ಮುನಿಸೂ ಇಲ್ಲ, ಮಣ್ಣೂ ಇಲ್ಲ ಕಣ್ರೀ. ಬೆಳಗಾಗೆದ್ದು ಗುಡಿಸೋಕೆ ಬರೋ ಆ ಹೆಂಗಸು ಮನೆಯಿಂದ ಸೀಸೇಲಿ ಎಣ್ಣೆ ತಂದು ಹಾಕ್ತಿದ್ಳು. ನಿಮ್ಮ ಪವಾಡ ನಾನ್ಯಾಕೆ ಕೆಡಿಸಲಿ ಅಂತ ಸುಮ್ಮನಿದ್ದೆ."

"ಅವಳನ್ನ ಕರೆಸು. ಈಗಲೇ."

"ಎಲ್ಲಿಂದ ಕರೆಸಲಿ? ಯಾರೋ ಪುಣ್ಯಾತ್ಮರು ಅವಳ ನೀಲಿ ಚೀಟಿಗೆ ತೂತು ಹೊಡೆದರಂತೆ. ಗುತ್ತಿಗೆದಾರ ಅವತ್ತೇ ಕೆಲಸ ಬಿಡಿಸಿದ್ದಾನೆ. ಕೆಳಗೆ ಕಾವಲುಗಾರ ಹೇಳ್ದ."

ಅನೆಸ್ತಿಸ್ ಬೀರುವಿನ ಬೀಗ ತೆಗೆದ. ಗಂಟು ಬಿಡಲಿಲ್ಲ. ದಾರವನ್ನು ಹಲ್ಲಿನಿಂದ ಕಡಿದ. ತಿಂಗಳಿಗೊಂದರಂತೆ ಅರವತ್ತು ಹಾಳೆ. ಕಚೇರಿಯ ಶೌಚಾಲಯದ ಬಾಗಿಲಿಗೆ ಅಂಟಿಸಿ, ತಿಂಗಳು ಮುಗಿದ ಮೇಲೆ ಅವನೇ ಮುದುರಿ ಬುಟ್ಟಿಗೆಸೆಯುತ್ತಿದ್ದ ಶುಚಿಗಾರರ ಹಾಜರಿ ಹಾಳೆಗಳು. ಒಂದೊಂದು ದಿನದ ಮುಂದೆಯೂ ಎತೇರಿ, ಎತೇರಿ, ಎತೇರಿ.

ಪ್ರತಿ ಹಾಳೆಯ ಬುಡದಲ್ಲಿ, 'ಖುದ್ದಾಗಿ ನೋಡಿದ್ದೇನೆ, ಸರಿಯಿದೆ' ಎಂಬ ಸಾಲಿನ ಕೆಳಗೆ, ದುಂಡು ಮುದ್ರೆಯೊಂದಿಗೆ ಅನೆಸ್ತಿಸ್‌ನದೇ ರುಜು.