ಇನ್ನೂ ಏರದ ತೊಟ್ಟಿಲು

ಆಯಿಲ್ ಪೇಂಟಿನ ವಾಸನೆ ಬಂದರೆ ಈಗಲೂ ಅಪ್ಪನ ಕೆಂಪಾದ ಬೆರಳುಗಳು ಕಣ್ಣ ಮುಂದೆ ಬರುತ್ತವೆ.

ಲಿಂಗಂಪಲ್ಲಿಯಾಚೆ ಒಂದು ಮೋಜಿನ ಪಾರ್ಕನ್ನು ದೊಡ್ಡದು ಮಾಡುತ್ತಿದ್ದರು. ಅಪ್ಪ ಅಲ್ಲಿ ಪೇಂಟರ್. ಹೊಸ ಆಟಗಳು ಒಂದೊಂದಾಗಿ ತೆರೆಯುತ್ತಿದ್ದವು. ಯುಗಾದಿಗೆ ನೀರಿನ ಜಾರುಬಂಡೆ, ದಸರೆಗೆ ಪುಟ್ಟ ರೈಲು. ಅವ್ವ ಆಸೆಪಟ್ಟ ದೊಡ್ಡ ತಿರುಗುವ ತೊಟ್ಟಿಲು ಎಲ್ಲಕ್ಕಿಂತ ಕೊನೆಗೆ. "ಎಲ್ಲಾ ತೆರದ ಮ್ಯಾಲೆ ಒಮ್ಮೆ ಹೋಗೂಣು," ಎನ್ನುತ್ತಿದ್ದ ಅಪ್ಪ. ಸಂಕ್ರಾಂತಿಗೆ ಎಂದಿದ್ದವರು ಅದನ್ನು ಮುಂದಕ್ಕೆ ಹಾಕಿದರು.

ಅವ್ವನ ಕಾಯಿಲೆಯ ರಿಪೋರ್ಟು ಬಂದ ಮಧ್ಯಾಹ್ನ ಡಾಕ್ಟರ ಕೋಣೆಯಿಂದ ಒಬ್ಬನೇ ಹೊರಬಂದ ಅಪ್ಪ ನಮ್ಮನ್ನು ಆಟೋ ಹತ್ತಿಸಿದ. ಆಟೋ ಸನತ್‌ನಗರದ ನಮ್ಮ ಖೋಲಿಗೆ ಹೋಗಲಿಲ್ಲ, ನೇರ ಪಾರ್ಕಿಗೆ ಹೋಯಿತು.

"ತೆರದಾಗ ಬರೂಣ್ರಿ," ಅಂದಳು ಅವ್ವ. ಅಪ್ಪ ವಾಚ್‌ಮನ್‌ಗೆ ಕೈಮುಗಿದು, "ಪಾಂಚ್ ಮಿನಟ್, ಭಯ್ಯಾ," ಎಂದ.

ತೊಟ್ಟಿಲಿನ ಕೂರುವ ಡಬ್ಬಿಗಳು ಇನ್ನೂ ಮಣ್ಣಿನ ಮೇಲಿದ್ದವು. ತಳಕ್ಕೆ ಬಣ್ಣ ಬಳಿಯಲೆಂದು ಒಂದನ್ನು ಮಾತ್ರ ಕಬ್ಬಿಣದ ಚೌಕಟ್ಟಿಗೆ ತೂಗುಹಾಕಿದ್ದರು, ನೆಲದಿಂದ ಒಂದು ಗೇಣು ಮೇಲೆ. ಅಪ್ಪ ಅವ್ವನನ್ನು ಎತ್ತಿ ಅದರಲ್ಲಿ ಕೂರಿಸಿದ, ಪಕ್ಕದಲ್ಲಿ ನನ್ನನ್ನು.

"ಬಣ್ಣ ಹಸಿ ಐತ್ರಿ, ಸೀರಿ ಕೆಡತೈತಿ."

"ಕೆಡ್ಲಿ ಬಿಡು."

ಅವನು ತೂಗತೊಡಗಿದ. ಅವ್ವ ಕಣ್ಣು ಮುಚ್ಚಿದಳು.

"ಎಷ್ಟು ಮ್ಯಾಲೆ ಬಂದ್ವಿರಿ?"

"ಭಾಳ ಮ್ಯಾಲೆ. ನಮ್ಮ ಖೋಲಿ ಕಾಣಾಕತ್ತೈತಿ."

ಇಲ್ಲೇ ಇದ್ದೇವಲ್ಲ ಎನ್ನಲು ನಾನು ಬಾಯಿ ತೆರೆದೆ. ಅಪ್ಪನ ಮುಖ ನೋಡಿ ಡಬ್ಬಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ತೂಗಿ ತೂಗಿ ಅವನು ಕೈ ಬದಲಿಸಿದ. "ಸಾಕೇನು?" ಎಂದ.

"ಇನ್ನೊಂದು ಸುತ್ತು," ಅಂದಳು ಅವ್ವ. "ಈಗ ಇಳಸಬ್ಯಾಡ್ರಿ."