ತುಳಿಯಬಾರದ ಹಿಮ

"ಆ ಬಯಲಿಗೆ ಯಾರಾದ್ರೂ ಕಾಲಿಟ್ರೆ ಕಾಲು ಮುರೀತೀನಿ" ಎಂದು ಸಿನಿಮಾ ನಿರ್ದೇಶಕ ಗ್ಲೆಬ್ ಬೆಳಗಿನಿಂದ ಹತ್ತು ಸಲ ಹೇಳಿದ್ದ. ಅವನ ಸಿಟ್ಟೂ ಸುಮ್ಮನೆ ಬಂದದ್ದಲ್ಲ. ಕೊಸ್ತ್ರೊಮಾ ಊರಿನ ಕಡೆಯ ಆ ಕಾಡಿನಲ್ಲಿ ಒಂದೂ ಹೆಜ್ಜೆ ಗುರುತಿಲ್ಲದ ಹಿಮ ಸಿಗಲು ಒಂಬತ್ತು ದಿನ ಕಾದಿದ್ದರು. ಬಯಲಿನಾಚೆ ಪೈನ್ ಮರದ ಬುಡದಲ್ಲಿ ತೆಳು ಲಂಗ ತೊಟ್ಟು ಹದಿನೈದರ ತಾಸ್ಯಾ ಕೂತಿದ್ದಳು. ಮಲತಾಯಿ ಕಾಡಿಗಟ್ಟಿದ ಹುಡುಗಿಯ ಪಾತ್ರ ಅವಳದು. ಮರದ ಮೇಲಿಂದ ಚಳಿರಾಯನ ವೇಷದ ನಟ ಮೂರು ಸಲ "ಚಳಿಯೇ ಮಗಳೇ?" ಎನ್ನಬೇಕು, ಮೂರು ಸಲವೂ ಇವಳು "ಇಲ್ಲ ತಾತ, ಬೆಚ್ಚಗಿದ್ದೇನೆ" ಎನ್ನಬೇಕು. ಅಜ್ಜಿಯಂದಿರು ಹೇಳುತ್ತ ಬಂದ ಕಥೆಯಲ್ಲಿ ಇರುವುದೂ ಹಾಗೆಯೇ.

ಕ್ಯಾಮೆರಾದ ಹಿಂದೆ ಉಡುಪಿನ ಕೆಲಸದ ಕಪಾ ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದಳು. ಕುರಿತೊಗಲಿನ ಕೋಟನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಿಸುತ್ತಿದ್ದಳು. ಅವಳು ತಾಸ್ಯಾಳ ತಂದೆಯನ್ನು ಮದುವೆಯಾಗಿ ಮೂರು ವರ್ಷ. ಮಗಳಿಗೆ ಈ ಪಾತ್ರ ಕೊಡಿಸಿದವಳೂ ಅವಳೇ. "ಮಲತಾಯಿ ಪಾತ್ರಕ್ಕೆ ಬೇರೆ ನಟಿ ಯಾಕೆ, ನಮ್ಮ ಕಪಾ ಇದ್ದಾಳಲ್ಲ" ಎಂದು ದೀಪದವನು ಮೊದಲ ದಿನವೇ ತಮಾಷೆ ಮಾಡಿದ್ದ. ಎಲ್ಲರ ಜೊತೆ ಕಪಾಳೂ ನಕ್ಕಿದ್ದಳು. ನಗದೆ ಇನ್ನೇನು ಮಾಡುತ್ತಾಳೆ ಪಾಪ!

ಎರಡು ಸಲ ಚಿತ್ರೀಕರಿಸಿದ್ದಾಗಿತ್ತು. ಎರಡೂ ಕೆಟ್ಟವು; ಹುಡುಗಿ ನಡುಗುತ್ತಿದ್ದಾಳೆ, ಬೆಚ್ಚಗಿದ್ದೇನೆ ಎಂದರೆ ಯಾರು ನಂಬುತ್ತಾರೆ ಎಂದು ಗ್ಲೆಬ್ ಗೊಣಗಿದ. ಕೋಟು ಕಳಿಸಲೇ ಎಂದು ಕಪಾ ಕೂಗಿ ಕೇಳಿದಳು.

"ಬೇಡ ಚಿಕ್ಕಮ್ಮ. ಚೆನ್ನಾಗಿದ್ದೀನಿ."

ಈ ಮಾತು ಕೇಳಿದರೆ ಕಪಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಬೂಟಿನ ಅಡಿ ಕಿತ್ತುಹೋಗಿ, ಒಳಗೆ ರಟ್ಟು ತುರುಕಿಕೊಂಡು ಇಡೀ ಶರತ್ಕಾಲ ಓಡಾಡಿದಾಗಲೂ ಅದೇ ಮಾತು. ಜ್ವರದಲ್ಲಿ ಮೈ ಕೆಂಡವಾಗಿದ್ದಾಗಲೂ ಅದೇ ಮಾತು. ಮೂರು ವರ್ಷದಲ್ಲಿ ಹುಡುಗಿ ಒಂದು ಸಲವೂ ಏನನ್ನೂ ಕೇಳಲಿಲ್ಲ, ಒಂದು ಸಲವೂ ಹಟ ಮಾಡಲಿಲ್ಲ. ಹೋಟೆಲಿನಲ್ಲಿ ಒಂದು ರಾತ್ರಿ ತಂಗಲು ಬಂದವಳ ಹಾಗೆ ಮನೆಯಲ್ಲಿದ್ದಳು.

ಮೂರನೆಯ ಸಲ ಕ್ಯಾಮೆರಾ ತಿರುಗಿತು. ಚಳಿರಾಯ ಕೇಳಿದ, ತಾಸ್ಯಾ ಬೆಚ್ಚಗಿದ್ದೇನೆ ಎಂದಳು. ಮತ್ತೆ ಕೇಳಿದ. ಈ ಸಲ ಅವಳು ಅಲುಗದೆ ಕೂತಿದ್ದಳು. ಮಾತು ಮಾತ್ರ ನಿದ್ದೆಗಣ್ಣಿನವರ ಮಾತಿನಂತೆ ತೊದಲುತ್ತಿತ್ತು.

"ನೋಡು, ಈಗ ಎಷ್ಟು ಚೆನ್ನಾಗಿ ಕೂತಿದ್ದಾಳೆ" ಎಂದು ಗ್ಲೆಬ್ ಪಿಸುಗುಟ್ಟಿದ.

ಚಳಿಯ ನಾಡಿನಲ್ಲಿ ಹುಟ್ಟಿ ಬೆಳೆದ ಕಪಾಳಿಗೆ, ನಡುಕ ನಿಂತರೆ ಮೈ ಸೋತು ಸಾವು ಹತ್ತಿರ ಬಂದಂತೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಕೋಟು ಅವುಚಿಕೊಂಡು ಬಯಲಿಗೆ ನುಗ್ಗಿದಳು. ಮೊಣಕಾಲುದ್ದ ಹಿಮ, ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಮರದ ಹಿಂದಿನಿಂದ ಸುತ್ತಿ ಬರುವ ದಾರಿಯೊಂದಿತ್ತು. ಅದು ನೆನಪಾದದ್ದು ಅರ್ಧ ಬಯಲನ್ನು ಉತ್ತು ಹಾಕಿದ ಮೇಲೆ.

ಹಿಂದೆ ಗ್ಲೆಬ್ ಟೋಪಿಯನ್ನು ನೆಲಕ್ಕೆ ಬಡಿದು, ಒಂಬತ್ತು ದಿನ ಮಣ್ಣುಪಾಲಾಯಿತೆಂದು ಅರಚುತ್ತಿದ್ದ. ಈ ಹೆಂಗಸನ್ನು ಇವತ್ತೇ ರೈಲು ಹತ್ತಿಸಿ ಎನ್ನುತ್ತಿದ್ದ. ಮರದ ಮೇಲಿನ ಚಳಿರಾಯ ತನ್ನ ತುಪ್ಪಳದ ಟೋಪಿ ತೆಗೆದು ಕೆಳಕ್ಕೆ ಎಸೆದ. ಮರದ ಬುಡ ತಲುಪಿದ ಕಪಾ ಅದರಲ್ಲಿ ಹುಡುಗಿಯ ತಲೆ ಮುಚ್ಚಿ, ಕೋಟು ಸುತ್ತಿ, ಅವಳ ಎರಡೂ ಪಾದಗಳನ್ನು ತನ್ನ ರವಿಕೆಯೊಳಗೆ ಹೊಟ್ಟೆಗೆ ಒತ್ತಿಕೊಂಡಳು. ಕಲ್ಲಿನಂಥ ಪಾದಗಳು.

"ಯಾಕೆ ಬಂದ್ರಿ ಚಿಕ್ಕಮ್ಮ? ನಾನು ಬೆಚ್ಚಗೇ..."

"ಬಾಯ್ಮುಚ್ಚು. ಚಳಿ ಅನ್ನು. ನನ್ ಹತ್ರ ಒಂದೇ ಒಂದ್ಸಲ ಚಳಿ ಅನ್ನೇ."

ಹೊಟ್ಟೆಯ ಕಾವು ತಾಸ್ಯಾಳ ಕಾಲಿಗೆ ತಾಗಿತೋ ಏನೋ, ನಿಂತಿದ್ದ ನಡುಕ ಮತ್ತೆ ಶುರುವಾಯಿತು. ಹಲ್ಲು ಕಟಕಟ ಎನ್ನುತ್ತಿದ್ದಂತೆ ತುಟಿ ಸೊಟ್ಟಗಾಯಿತು. ಮರಗಟ್ಟಿದ ಮುಷ್ಟಿಯಿಂದ ಅವಳು ಕಪಾಳ ಎದೆಗೆ ಒಂದು ಗುದ್ದು ಕೊಟ್ಟಳು.

"ಬೆಳಗ್ಗಿಂದ ಚಳಿ ಆಗ್ತಿದೆ" ಎಂದು ಬಿಕ್ಕಿದಳು. "ಇಷ್ಟೊತ್ತು ಯಾಕೆ ಬರ್ಲಿಲ್ಲ ನೀವು?"