ಗೋಡೆಯ ಮೇಲಿನ ಪೆನ್ಸಿಲ್ ಗೆರೆ

ಹೊಸ ಪೇಂಟಿನ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣು ಮೊದಲು ನೆಲದ ಕಡೆ ಹೋಗುತ್ತದೆ.

ಅಪ್ಪ ಇಂದಿರಾನಗರದ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದರು. ಒಂದು ಸಲ ಅವರ ಬಲಭುಜ ಹಿಡಿದುಕೊಂಡು ಕೈ ಮೇಲೇಳದಂತಾಯಿತು. ಫಿಸಿಯೋಥೆರಪಿ ಮೇಡಂ, "ದಿನಾ ಗೋಡೆ ಮೇಲೆ ಬೆರಳು ನಡೆಸ್ಕೊಂಡು ಕೈನ ಮೇಲಕ್ಕೆ ತಗೊಂಡು ಹೋಗಿ. ಎಲ್ಲಿ ನಿಲ್ಲುತ್ತೋ ಅಲ್ಲೊಂದು ಗೆರೆ ಹಾಕಿ" ಎಂದಿದ್ದರು. ಮರ್ಫಿ ಟೌನಿನ ನಮ್ಮ ಬಾಡಿಗೆ ಮನೆಯ ಗೋಡೆಯಲ್ಲಿ ವಾರಗಳು ಕಳೆದರೂ ಆ ಗೆರೆ ಅಪ್ಪನ ಎದೆಮಟ್ಟ ಬಿಟ್ಟು ಏಳಲೇ ಇಲ್ಲ.

ಒಂದು ಮಧ್ಯಾಹ್ನ ಅಮ್ಮ ಪೆನ್ಸಿಲ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಮುಲಾಮಿನ ಜಿಡ್ಡು ಹತ್ತಿದ ಅಪ್ಪನ ಬೆರಳುಗಳು ಗೋಡೆ ಏರಿದವು, ಹಳೆಯ ಗೆರೆಯ ಹತ್ತಿರ ನಿಂತವು, ಆಮೇಲೆ ಅದನ್ನು ದಾಟಿದವು.

"ಅಯ್ಯೋ, ಮೇಲಕ್ಕೆ ಹೋಯ್ತಲ್ರೀ!" ಎಂದು ಅಮ್ಮ ಹೊಸ ಗೆರೆ ಎಳೆದಳು. ಕೂಡಲೇ ಮೇಸ್ತ್ರಿಗೆ ಫೋನ್ ಮಾಡಿದಳು: "ಸೋಮವಾರದಿಂದ ಇವ್ರು ಕೆಲಸಕ್ಕೆ ಬರ್ತಾರೆ. ಬೇರೆಯೋರ್ನ ಇಟ್ಕೋಬೇಡಿ." ಅಟ್ಟದಲ್ಲಿ ಒಣಗಿ ಬಿರುಸಾಗಿದ್ದ ಬ್ರಷ್‌ಗಳನ್ನು ಇಳಿಸಿ ಟರ್ಪೆಂಟೈನಿನಲ್ಲಿ ನೆನೆಹಾಕಿದಳು.

ನೆಲದ ಮೇಲೆ ಕೂತು ಹೋಂವರ್ಕ್ ಬರೆಯುತ್ತಿದ್ದ ನನಗೆ ಮಾತ್ರ, ಗೆರೆ ದಾಟುವಾಗ ಅಪ್ಪನ ಹಿಮ್ಮಡಿಗಳು ನೆಲ ಬಿಟ್ಟು ಎದ್ದಿದ್ದು ಕಂಡಿತ್ತು. ನಾನು ತಲೆ ಎತ್ತಿದೆ.

"ನೀನು ಬರ್ಕೋ" ಎಂದರು ಅಪ್ಪ, ಗೋಡೆಯ ಕಡೆಗೇ ಮುಖ ಮಾಡಿಕೊಂಡು.